ಈ ಹಾಡು ಯಾರದ್ದು? ಮೈಸೂರು–ಮಂಡ್ಯ ಸೀಮೆಯ ಹಾಡುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಹಾಡು, ಹಳೆ ರೆಕಾರ್ಡು ಅಂತ ಓಡಾಡುವ ಆಸಾಮಿ ಅಂತ ಗೊತ್ತಾದರೆ ಮುಗಿಯಿತು. ಮದುವೆಮನೆ, ಸಂಗೀತ ಕಚೇರಿ ಮುಗಿದ ಮೇಲಿನ ಕಾಫಿ, ಮಂಡ್ಯದ ಬಸ್ಸು, ಎಲ್ಲಿ ಸಿಕ್ಕರೂ ಜನ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಯಾವ ಹಾಡು ಎತ್ತಿಕೊಂಡರೂ ನಾನು ಮೂರು ಹೆಸರು ಹುಡುಕುತ್ತೇನೆ: ಬರೆದವರು, ರಾಗ ಹಾಕಿದವರು, ಹಾಡಿದವರು. ಹಾಡಿದವರು ಎಲ್ಲರಿಗೂ ಗೊತ್ತು. ಬರೆದವರ ಹೆಸರನ್ನು ಶಾಲೆಯಲ್ಲಿ ಓದಿರುತ್ತೇವೆ. ನಡುವಿನವರನ್ನು ಕೇಳುವವರೇ ಇಲ್ಲ.

ನಾಡಗೀತೆ ಕುವೆಂಪು ಅವರದ್ದು, ಗೊತ್ತು. ಅದರ ಧಾಟಿ ಯಾರದ್ದು?

ಈಗ ಸರ್ಕಾರಿ ಸಮಾರಂಭಗಳಲ್ಲಿ ಹಾಡುವ ಧಾಟಿ ಮೈಸೂರು ಅನಂತಸ್ವಾಮಿ ಅವರದ್ದು. ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆ ಆಯಿತು. ಆದರೆ ಯಾವ ಧಾಟಿಯಲ್ಲಿ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬುದು ಮಾತ್ರ ವರ್ಷಗಟ್ಟಲೆ ತೀರ್ಮಾನವಾಗಲಿಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಹಾಡುತ್ತಿದ್ದರು. ಸಿ. ಅಶ್ವಥ್ ಅವರ ಧಾಟಿಗೂ ದೊಡ್ಡ ಅಭಿಮಾನಿ ಬಳಗ ಇತ್ತು. ಸಭೆಯಲ್ಲಿ ವಯಸ್ಸಾದವರು ನಿಂತು ನಿಂತು ಸುಸ್ತಾಗುತ್ತಾರೆ ಎಂಬ ದೂರೂ ಇತ್ತು, ಸುಳ್ಳಲ್ಲ ಬಿಡಿ. ಮೈಸೂರಿನ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿ ಅವರ ಸಮಿತಿ ಇದನ್ನೆಲ್ಲ ಪರಿಶೀಲಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಆದೇಶ ಬಂತು: ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಬೇಡ, ಸಾಲುಗಳ ಪುನರಾವರ್ತನೆ ಬೇಡ. ಇದನ್ನು ಪ್ರಶ್ನಿಸಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಆ ಅರ್ಜಿ ವಜಾ ಆಯಿತು.

ಒಂದು ಹಾಡಿನ ಧಾಟಿಗಾಗಿ ಕೋರ್ಟಿನವರೆಗೆ ಹೋಗುವ ಜನ ನಾವು ಅಂದರೆ ನನಗೆ ಸುಮ್ನೆ ಖುಷಿ. ರಾಗ ಹಾಕಿದವರ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂದಿದ್ದು ಅಪರೂಪ ನೋಡಿ.

ಅನಂತಸ್ವಾಮಿ ಹುಟ್ಟಿದ್ದು 1936ರಲ್ಲಿ, ತೀರಿಕೊಂಡಿದ್ದು 1995ರಲ್ಲಿ. ನಿಸಾರ್ ಅಹಮದ್ ಅವರ ‘ಜೋಗದ ಸಿರಿ ಬೆಳಕಿನಲ್ಲಿ’ ಹಾಡಿಗೆ ರಾಗ ಹಾಕಿದವರೂ ಇವರೇ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಎಂಬುದು ಸಭಾಂಗಣ ಬಿಟ್ಟು ಅಡುಗೆಮನೆಯ ಟೇಪ್‌ರೆಕಾರ್ಡರಿಗೆ ಬಂತು. ರಾಜ್ಯೋತ್ಸವದ ದಿನ ಈ ಹಾಡಿಗೆ ಕುಣಿಯುವ ಮಕ್ಕಳಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು, ಒಮ್ಮೆ ಕೇಳಿ ನೋಡಿ.

‘ಮೈಸೂರು ಮಲ್ಲಿಗೆ’ ಸಿನಿಮಾಕ್ಕೆ ಬರೆದ ಹಾಡುಗಳಾ?

ಅಲ್ಲ. ಕೆ.ಎಸ್. ನರಸಿಂಹಸ್ವಾಮಿ ಅವರ ಕವನ ಸಂಕಲನ ಬಂದಿದ್ದು 1942ರಲ್ಲಿ. ಟಿ.ಎಸ್. ನಾಗಾಭರಣ ಅವರ ಸಿನಿಮಾ ಬಂದಿದ್ದು 1992ರಲ್ಲಿ, ಅಂದರೆ ಅರ್ಧ ಶತಮಾನದ ಮೇಲೆ. ಸಿನಿಮಾಕ್ಕೆ ಸಂಗೀತ ಸಿ. ಅಶ್ವಥ್. ನರಸಿಂಹಸ್ವಾಮಿ ಅವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂದಿದ್ದು ಆ ಸಿನಿಮಾದಿಂದಲೇ. ತರುಣನಾಗಿದ್ದಾಗ ಬರೆದ ಪದ್ಯಗಳಿಗೆ ಎಪ್ಪತ್ತು ದಾಟಿದ ಮೇಲೆ ಸಿನಿಮಾ ಪ್ರಶಸ್ತಿ!

ಅವರು ಹುಟ್ಟಿದ ಕಿಕ್ಕೇರಿ ಇರುವುದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ. ಹಾಗಾಗಿ ಪುಸ್ತಕದ ಹೆಸರಲ್ಲಿ ಮೈಸೂರು ಇದ್ದರೂ ಮಂಡ್ಯದವರು ‘ನಮ್ಮವರು’ ಅಂತ ಬಿಟ್ಟುಕೊಡುವುದಿಲ್ಲ. ಪದ್ಯದಲ್ಲಿ ಬರುವ ನವಿಲೂರು ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಡಿ. ಅದು ಕವಿ ಕಟ್ಟಿದ ಊರು.

‘ರಾಯರು ಬಂದರು ಮಾವನ ಮನೆಗೆ’ ಹಾಡಲ್ಲಿ ಪದುಮಳು ಯಾಕೆ ಒಳಗಿಲ್ಲ?

ಕಾಲೇಜು ಹುಡುಗರು ಕೇಳುವ ಪ್ರಶ್ನೆ ಇದು. ಜಗಳ ಆಗಿತ್ತಾ, ಊರಿಗೆ ಹೋಗಿದ್ದಳಾ ಅಂತ. ಅದೇನಿಲ್ಲ. ಆ ಕಾಲದ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ಅಳಿಯ ಅಷ್ಟು ದೂರದಿಂದ ಆಸೆಪಟ್ಟು ಬಂದಿದ್ದಾನೆ, ಸತ್ಕಾರಕ್ಕೇನೂ ಕಡಿಮೆ ಇಲ್ಲ, ಆದರೆ ಬಂದ ಹೊತ್ತೇ ಸರಿ ಇಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ‘ಒಳಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಕವಿ ದಾಟಿಸಿದ್ದಾರೆ. ನಮ್ಮ ಅಜ್ಜಿಯರು ಈ ಸಾಲು ಬಂದಾಗ ಮುಸಿಮುಸಿ ನಗುತ್ತಿದ್ದರು. ನಾವು ಯಾಕೆ ಅಂತ ಗೊತ್ತಿಲ್ಲದೆ ಜೊತೆಗೆ ನಗುತ್ತಿದ್ದೆವು.

‘ಬ್ರೋಚೇವಾರೆವರುರಾ’ ತ್ಯಾಗರಾಜರ ಕೃತಿ ಅಲ್ವಾ?

ಅಲ್ಲ. ಮೈಸೂರು ವಾಸುದೇವಾಚಾರ್ಯರದ್ದು. ಖಮಾಚ್ ರಾಗ. 1980ರಲ್ಲಿ ‘ಶಂಕರಾಭರಣಂ’ ಸಿನಿಮಾದಲ್ಲಿ ಬಂದ ಮೇಲೆ ಊರೂರಲ್ಲಿ ಹಾಡತೊಡಗಿದರು. ತೆಲುಗು ಕೃತಿ, ರಾಮನ ಮೇಲಿದೆ, ಅಂದ ಮೇಲೆ ತ್ಯಾಗರಾಜರದ್ದೇ ಇರಬೇಕು ಅಂತ ಜನ ಲೆಕ್ಕ ಹಾಕಿಬಿಟ್ಟರು. ಚರಣಕ್ಕೆ ಕಿವಿ ಕೊಡಿ, ‘ವಾಸುದೇವ’ ಎಂಬ ಅಂಕಿತ ಕೇಳಿಸುತ್ತದೆ.

ತ್ಯಾಗರಾಜರ ನಂಟು ಪೂರ್ತಿ ಇಲ್ಲ ಅಂತಲೂ ಅಲ್ಲ. ಚಾಮರಾಜೇಂದ್ರ ಒಡೆಯರು ಹುಡುಗ ವಾಸುದೇವಾಚಾರ್ಯನನ್ನು ಅರಮನೆಯ ಖರ್ಚಿನಲ್ಲಿ ತಿರುವಯ್ಯಾರಿಗೆ ಕಳಿಸಿದರು. ಅಲ್ಲಿ ಕಲಿತಿದ್ದು ತ್ಯಾಗರಾಜರ ಶಿಷ್ಯ ಪರಂಪರೆಯ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ. ವಾಪಸು ಬಂದು ಆಸ್ಥಾನ ವಿದ್ವಾಂಸರಾದರು. ವಯಸ್ಸಾದ ಮೇಲೆ ಮದ್ರಾಸಿನ ಕಲಾಕ್ಷೇತ್ರದಲ್ಲಿ ರುಕ್ಮಿಣಿದೇವಿ ಅವರ ಜೊತೆ ಕೆಲಸ ಮಾಡಿದರು. 1865ರಲ್ಲಿ ಹುಟ್ಟಿ 1961ರವರೆಗೆ ಬದುಕಿದ್ದರು. ಪದ್ಮಭೂಷಣವೂ ಬಂತು. ಆದರೂ ‘ಇದು ತ್ಯಾಗರಾಜರ ಕೀರ್ತನೆ’ ಅಂತ ನಿರೂಪಕರು ಮೈಕಿನಲ್ಲಿ ಹೇಳುವುದು ನಿಂತಿಲ್ಲ. ಅದೂ ಮೈಸೂರಿನಲ್ಲೇ.

ಅವರು ಬರೆದ ‘ನಾ ಕಂಡ ಕಲಾವಿದರು’ ಸಿಕ್ಕರೆ ಬಿಡಬೇಡಿ. ಹಳೆ ವಿದ್ವಾಂಸರು ಹೇಗೆ ಹಾಡುತ್ತಿದ್ದರು, ಹೇಗೆ ಮುನಿಸಿಕೊಳ್ಳುತ್ತಿದ್ದರು ಎಲ್ಲ ಅದರಲ್ಲಿದೆ.

ವೀಣೆ ಶೇಷಣ್ಣ ಪಲ್ಲಕ್ಕಿಯಲ್ಲಿ ವೀಣೆ ಕೂರಿಸಿದ್ದು ನಿಜವಾ?

ಮೈಸೂರಿನಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಬರೋಡದ ಮಹಾರಾಜರು ಶೇಷಣ್ಣನವರ (1852–1926) ವೀಣೆಗೆ ಮೆಚ್ಚಿ ಪಲ್ಲಕ್ಕಿ ಕೊಟ್ಟರು. ಊರಿಗೆ ಬಂದಾಗ ಅದರಲ್ಲಿ ಮೆರವಣಿಗೆ ಆಗಲಿ ಅಂತ ನಮ್ಮ ಮಹಾರಾಜರ ಆಸೆ. ಶೇಷಣ್ಣ ವೀಣೆಯನ್ನು ಪಲ್ಲಕ್ಕಿಯಲ್ಲಿಟ್ಟು ತಾವು ಪಕ್ಕದಲ್ಲಿ ನಡೆದರಂತೆ. ಮರ್ಯಾದೆ ಸಿಕ್ಕಿದ್ದು ವೀಣೆಗೆ ಅಂದರಂತೆ.

ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಯಾಕೆ?

ಮೈಕ್ ಇಲ್ಲದ ಕಾಲ. ರಾಮನವಮಿ ಚಪ್ಪರದಲ್ಲಿ, ಮದುವೆ ಚಪ್ಪರದಲ್ಲಿ ನೂರಾರು ಜನ. ಹಾಡುಗಾರರ ಗಂಟಲು ಕಂಚಿನದು, ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯ (1895–1967) ಇದಕ್ಕೊಂದು ಉಪಾಯ ಮಾಡಿದರು. ನಾಲ್ಕು ತಂತಿಯಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿದರು. ಒಟ್ಟು ಏಳಾಯಿತು. ಕಮಾನು ಎಳೆದರೆ ಜೋಡಿ ತಂತಿಗಳು ಒಟ್ಟಿಗೆ ನುಡಿಯುತ್ತವೆ, ನಾದ ದಪ್ಪವಾಗುತ್ತದೆ. ಹೇಳುವಷ್ಟು ಸುಲಭ ಅಲ್ಲ ಇದು. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಅಪಸ್ವರ. ಎರಡನ್ನೂ ಒಂದೇ ಬೆರಳಲ್ಲಿ ಒತ್ತಿ ಗಮಕ, ಅಂದರೆ ಸ್ವರದ ಓಲಾಟ, ಎಳೆಯಬೇಕು. ಬೇರೆಯವರು ಆ ದಾರಿಯಲ್ಲಿ ಜಾಸ್ತಿ ಹೋಗಲಿಲ್ಲ, ಮೈಕ್ ಬಂದ ಮೇಲೆ ಅಗತ್ಯವೂ ಉಳಿಯಲಿಲ್ಲ.

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ನೋಡಿದವರು ಬಹಳ. ಅವರ ಗುರು ಬಿಡಾರಂ ಕೃಷ್ಣಪ್ಪನವರನ್ನು ಕೇಳುವವರು ಕಡಿಮೆ. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರು ಈ ಕೃಷ್ಣಪ್ಪ. ಕಚೇರಿಯಲ್ಲಿ ಕನ್ನಡ ದೇವರನಾಮಗಳಿಗೆ ದೊಡ್ಡ ಜಾಗ ಕೊಟ್ಟವರೂ ಹೌದು.

ಗೌಹರ್ ಜಾನ್ ಮೈಸೂರಿನಲ್ಲಿ ತೀರಿಕೊಂಡರಂತೆ, ಹೌದಾ?

ಹೌದು. 1930ರ ಜನವರಿ 17, ಕೆ.ಆರ್. ಆಸ್ಪತ್ರೆಯಲ್ಲಿ.

ಹುಟ್ಟಿದ್ದು 1873ರಲ್ಲಿ ಉತ್ತರ ಪ್ರದೇಶದ ಆಜಂಗಢದಲ್ಲಿ. ಮೊದಲ ಹೆಸರು ಏಂಜಲಿನಾ ಯೋವರ್ಡ್, ತಂದೆ ಅರ್ಮೇನಿಯಾ ಮೂಲದವರು. ಕಲ್ಕತ್ತೆಯಲ್ಲಿ ಹೆಸರು ಮಾಡಿದ ಗಾಯಕಿ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಯಂತ್ರ ಹೊತ್ತುಕೊಂಡು ಬಂದಾಗ, ಈ ಯಂತ್ರದ ಮುಂದೆ ಹಾಡಿದರೆ ಧ್ವನಿ ಹೋಗುತ್ತದೆ ಅಂತ ಹೆದರುವವರಿದ್ದರು. ಗೌಹರ್ ಹೆದರಲಿಲ್ಲ. ಗಂಟೆಗಟ್ಟಲೆ ಹಾಡುವ ಖಯಾಲ್ ಎಂಬ ಹಿಂದೂಸ್ತಾನಿ ಗಾಯನವನ್ನು ಮೂರು ನಿಮಿಷಕ್ಕೆ ಇಳಿಸಿ, ಮುಗಿಯುತ್ತಿದ್ದ ಹಾಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿದರು. ಅದು ಜಂಬ ಅಂದುಕೊಳ್ಳುತ್ತಾರೆ ಜನ. ಧ್ವನಿಯ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿತ್ತು, ರೆಕಾರ್ಡು ಅಲ್ಲೇ ತಯಾರಾಗುತ್ತಿತ್ತು. ಲೇಬಲ್ ಅಂಟಿಸುವ ಕೆಲಸಗಾರನಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಈ ಏರ್ಪಾಡು.

ಕೋರ್ಟು ಕಚೇರಿ, ಮೋಸಹೋದ ಸಂಬಂಧಗಳು, ಕರಗಿದ ಆಸ್ತಿ, ಎಲ್ಲ ಆದ ಮೇಲೆ 1928ರಲ್ಲಿ ನಾಲ್ವಡಿಯವರು ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಇಲ್ಲಿದ್ದಿದ್ದು ಎರಡು ವರ್ಷವೂ ತುಂಬಲಿಲ್ಲ. ಇಡೀ ದೇಶದ ಮೊದಮೊದಲ ರೆಕಾರ್ಡ್ ತಾರೆ ಕೊನೆಯ ದಿನಗಳನ್ನು ಕಳೆದಿದ್ದು ನಮ್ಮೂರಿನಲ್ಲಿ. ದಸರಾ ಮೆರವಣಿಗೆ ದಾರಿಯಿಂದ ಕೆ.ಆರ್. ಆಸ್ಪತ್ರೆ ಎಷ್ಟು ದೂರ ಹೇಳಿ? ಅವರ ನೆನಪಿಗೆ ಮೈಸೂರು ಇನ್ನೂ ಜಾಸ್ತಿ ಮಾಡಬಹುದಿತ್ತು ಅನ್ನುವುದು ನನ್ನ ದೂರು.

ಅಂದಹಾಗೆ ಹಿಂದೂಸ್ತಾನಿಯವರಿಗೆ ಮೈಸೂರು ಅರಮನೆ ಹೊಸದೇನಲ್ಲ. ಆಗ್ರಾ ಘರಾಣೆಯ ನತ್ಥನ್ ಖಾನರು ಇಲ್ಲಿನ ಆಸ್ಥಾನದಲ್ಲಿದ್ದರು. ಫಯಾಜ್ ಖಾನರಿಗೆ ‘ಆಫ್ತಾಬ್–ಎ–ಮೌಸಿಕಿ’ ಬಿರುದು ಕೊಟ್ಟಿದ್ದೂ ಮೈಸೂರೇ.

ಜಯಚಾಮರಾಜ ಒಡೆಯರು ಇಂಗ್ಲೆಂಡಿನ ಆರ್ಕೆಸ್ಟ್ರಾಕ್ಕೆ ದುಡ್ಡು ಕೊಟ್ಟಿದ್ದರಾ?

ಕೊಟ್ಟಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಊರು ಬಿಟ್ಟು ಲಂಡನ್ನಿನಲ್ಲಿ ಬಡತನದಲ್ಲಿದ್ದರು. ನಮ್ಮ ಮಹಾರಾಜರಿಗೆ ಆತನ ಪಿಯಾನೊ ಕೃತಿಗಳೆಂದರೆ ಪ್ರಾಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ‘ಮೆಟ್ನರ್ ಸೊಸೈಟಿ’ಗೆ ಹಣ ಒದಗಿಸಿ, ಮುದುಕರಾಗಿದ್ದ ಆತನೇ ನುಡಿಸಿದ ರೆಕಾರ್ಡುಗಳು ಬರುವ ಹಾಗೆ ಮಾಡಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. ಇವತ್ತಿಗೂ ಆ ಕೃತಿಯ ಹಾಳೆ ತೆಗೆದರೆ ಮೈಸೂರಿನ ಹೆಸರಿದೆ.

ಇನ್ನೊಂದು. ರಿಚರ್ಡ್ ಸ್ಟ್ರಾಸ್‌ನ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ಆರ್ಕೆಸ್ಟ್ರಾ ಕಾರ್ಯಕ್ರಮದ ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜ ಒಡೆಯರು. ತಾವು ಹೋಗಲಾಗದ್ದರಿಂದ ಹಾಡನ್ನು ರೆಕಾರ್ಡು ಮಾಡಿ ಕಳಿಸಿ ಅಂದರು.

ಇಷ್ಟೆಲ್ಲ ಪಾಶ್ಚಾತ್ಯ ಸಂಗೀತದ ಹುಚ್ಚಿದ್ದವರು ಆಮೇಲೆ ವಾಸುದೇವಾಚಾರ್ಯರ ಹತ್ತಿರ ಕೂತು ಕರ್ನಾಟಕ ಸಂಗೀತ ಕಲಿತು 94 ಕೃತಿ ರಚಿಸಿದರು. ಅಂಕಿತ ‘ಶ್ರೀವಿದ್ಯಾ’. ಕಚೇರಿಯ ಶುರುವಿನಲ್ಲಿ ಅಠಾಣ ರಾಗದ ‘ಶ್ರೀ ಮಹಾಗಣಪತಿಂ ಭಜೇಹಂ’ ಕೇಳಿ ತಲೆದೂಗಿದ್ದರೆ, ಅದು ಮಹಾರಾಜರದ್ದು.

‘ಭುವನೇಶ್ವರಿಯ ನೆನೆ ಮಾನಸವೇ’ ಯಾವ ದಾಸರ ಪದ?

ದಾಸರದ್ದಲ್ಲ. ತಮಿಳುನಾಡಿನ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದ್ದು, ಮೋಹನಕಲ್ಯಾಣಿ ರಾಗ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದಾಗ ಚಾಮುಂಡಾಂಬೆಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಅವುಗಳಲ್ಲಿ ಇವತ್ತು ಹಾಡುವುದು ಬೆರಳೆಣಿಕೆಯಷ್ಟು.

ಕದ್ರಿ ಗೋಪಾಲನಾಥ್ ಮಂಗಳೂರು ಕಡೆಯವರು. ಮೈಸೂರಿಗೇನು ಸಂಬಂಧ?

ಮೈಸೂರು ಅರಮನೆಯ ಬ್ಯಾಂಡು. ಅಪ್ಪ ನಾಗಸ್ವರ ವಿದ್ವಾಂಸರು, ಹುಡುಗ ಅದನ್ನೇ ಕಲಿಯುತ್ತಿದ್ದ. ಇಲ್ಲಿ ಬ್ಯಾಂಡಿನವರ ಕೈಯಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಮನಸ್ಸು ಅದಕ್ಕೇ ಅಂಟಿಕೊಂಡಿತು. ಗಮಕಕ್ಕೆ ಒಗ್ಗದ ವಾದ್ಯವನ್ನು ಪಳಗಿಸಲು ವರ್ಷಗಳೇ ಹಿಡಿದವು. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇದ್ದವು. ಅದರಲ್ಲಿ ಊದಿದವರ ಹೆಸರುಗಳು ಮಾತ್ರ ಯಾರ ಬಾಯಲ್ಲೂ ಇಲ್ಲ.

‘ಕಾಯೌ ಶ್ರೀಗೌರಿ’ ಬರೆದವರು?

ಬಸವಪ್ಪ ಶಾಸ್ತ್ರಿಗಳು (1843–1891), ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ‘ಅಭಿನವ ಕಾಳಿದಾಸ’ ಎಂಬ ಬಿರುದಿತ್ತು. ಮೈಸೂರು ಸಂಸ್ಥಾನಕ್ಕೆ ಇದೇ ನಾಡಗೀತೆ ಆಗಿತ್ತು.

ಆಕಾಶವಾಣಿಯ ಬೆಳಗಿನ ರಾಗವೂ ಮೈಸೂರಿನದ್ದಾ?

ಹೆಸರು ಮೈಸೂರಿನದ್ದು, ರಾಗ ಅಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಬಂದಿದ್ದು. ಬೆಳಗಿನ ಆ ನಾದ ಹೊಸೆದವರು ವಾಲ್ಟರ್ ಕೌಫ್‌ಮನ್. ಯುರೋಪಿನಲ್ಲಿ ಯಹೂದಿಗಳಿಗೆ ಕಷ್ಟ ಬಂದಾಗ ತಪ್ಪಿಸಿಕೊಂಡು ಬಂದು ಮುಂಬಯಿ ರೇಡಿಯೊದಲ್ಲಿ ಕೆಲಸ ಮಾಡಿದವರು. ನಮ್ಮ ಶಿವರಂಜನಿ ಹಿಡಿದು ಮಾಡಿದ್ದು ಅಂತಾರೆ.

ಮಳವಳ್ಳಿ ಕಡೆಯ ‘ಸಿದ್ದಯ್ಯ ಸ್ವಾಮಿ ಬನ್ನಿ’ ಹಾಡಿನ ಹಿಂದೆ ಏನು ಕಥೆ?

ಮಂಟೇಸ್ವಾಮಿ ಕಾವ್ಯ. ರಾತ್ರಿಯೆಲ್ಲ ಹಾಡಿದರೂ ಮುಗಿಯದ ಕಥೆ. ಹಾಡುವವರು ನೀಲಗಾರರು, ಅಂದರೆ ಮಂಟೇಸ್ವಾಮಿ ಪಂಥದ ಗಾಯಕರು. ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಒಬ್ಬರು ಕಥೆ ಎತ್ತುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲೇ ನಿಮಗೆ ಗೊತ್ತಿರುವ ‘ಮಂಟೇದ ಲಿಂಗಯ್ಯ ನೀವೇ ಬನ್ನಿ’.

ಇದರಲ್ಲಿ ನನಗೆ ಇಷ್ಟದ ಭಾಗ ಹಲಗೂರಿನದ್ದು. ಮಂಟೇಸ್ವಾಮಿ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಂಚಾಳದವರ (ಕಮ್ಮಾರರ) ಹತ್ತಿರ ಕಬ್ಬಿಣದ ಭಿಕ್ಷೆ ಬೇಡಲು ಕಳಿಸುತ್ತಾರೆ. ಊರ ತುಂಬ ಕುಲುಮೆ ಉರಿಯುತ್ತಿದೆ, ಆದರೂ ‘ನಮ್ಮಲ್ಲಿ ಕಬ್ಬಿಣ ಇಲ್ಲ’ ಅನ್ನುತ್ತಾರೆ. ಮೇಲಿಂದ ನಾನಾ ಪರೀಕ್ಷೆ ಒಡ್ಡುತ್ತಾರೆ. ಸಿದ್ದಪ್ಪಾಜಿ ಒಂದೊಂದು ಪವಾಡ ಗೆಲ್ಲುತ್ತಾ ಹೋಗುತ್ತಾನೆ. ಹಲಗೂರು ಇವತ್ತಿಗೂ ಮಳವಳ್ಳಿ–ಕನಕಪುರ ದಾರಿಯಲ್ಲಿದೆ. ಟೀ ಕುಡಿಯಲು ಇಳಿದಾಗ ಈ ಕಥೆ ನೆನಪಿಗೆ ಬರುತ್ತದೆ. ಕೇಳಬೇಕು ಅಂದರೆ ಬೊಪ್ಪೇಗೌಡನಪುರಕ್ಕೆ, ಇಲ್ಲವೇ ಚಿಕ್ಕಲ್ಲೂರು ಜಾತ್ರೆಗೆ ಹೋಗಿ.

ಇದನ್ನೂ ಮಲೆ ಮಾದಪ್ಪನ ಹಾಡುಗಳನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಮಾದಪ್ಪನ ಹಾಡು ದೇವರ ಗುಡ್ಡರದ್ದು, ಅಂದರೆ ಮಾದಪ್ಪನ ದೀಕ್ಷೆ ಪಡೆದ ಭಕ್ತರದ್ದು, ವಾದ್ಯ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ದಾರದ ತಾಳವನ್ನು ತಲೆಯ ಮೇಲೆ ಸುತ್ತಿಸಿ, ಬೆನ್ನ ಹಿಂದಿಂದ ತಂದು, ತಾಳ ತಪ್ಪದೆ ಬಡಿಯಬೇಕು. ಹತ್ತಿರ ನಿಂತರೆ ಗಾಳಿ ಸೀಳುವ ಸದ್ದೂ ಕೇಳುತ್ತದೆ. ‘ಚೆಲ್ಲಿದರು ಮಲ್ಲಿಗೆಯಾ’, ‘ಕೋಲುಮಂಡೆ ಜಂಗಮದೇವ’ ಎರಡೂ ಈ ಕಡೆಯವು. ಶರಣೆ ಸಂಕಮ್ಮನದು ಇದೇ ಮಾದಪ್ಪನ ಕಾವ್ಯದ ದೊಡ್ಡ ಸಾಲು. ಗಂಡ ನೀಲಯ್ಯ ಅನುಮಾನಪಟ್ಟು ಹೆಂಡತಿಯನ್ನು ಕಾಡಿನ ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ, ಮಾದಪ್ಪ ಕಾಪಾಡಿ ಅವಳಿ ಮಕ್ಕಳ ವರ ಕೊಡುತ್ತಾನೆ. 2020ರಲ್ಲಿ ‘ಕೋಲುಮಂಡೆ’ಗೆ ರ್‍ಯಾಪ್ ಸೇರಿಸಿದ ವಿಡಿಯೊ ಬಂದಾಗ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ಅದನ್ನು ತೆಗೆಯಬೇಕಾಯಿತು. ಕುಣಿಯುವ ಹಾಡು ಅಂತ ಮಾತ್ರ ಗೊತ್ತಿದ್ದವರಿಗೆ ಆ ಸಿಟ್ಟು ಅರ್ಥವಾಗಲಿಲ್ಲ. ಕಥೆ ಗೊತ್ತಿದ್ದವರಿಗೆ ವಿವರಿಸಬೇಕಾಗಲಿಲ್ಲ.

ಇವಕ್ಕೆ ‘ರಾಗ ಹಾಕಿದವರು ಯಾರು’ ಅಂತ ಕೇಳಿದರೆ ಗುಡ್ಡರು ನಗುತ್ತಾರೆ. ಗುರುವಿನ ಬಾಯಿಂದ ಬಂದಿದ್ದು ಅಷ್ಟೇ. ಆದರೆ ಕ್ಯಾಸೆಟ್ ಕಾಲದಲ್ಲಿ ಇವನ್ನು ಮನೆಮನೆಗೆ ಮುಟ್ಟಿಸಿದವರಿಗೆ ಹೆಸರಿದೆ: ಮಳವಳ್ಳಿ ಮಹದೇವಸ್ವಾಮಿ. ಮಂಡ್ಯ, ಚಾಮರಾಜನಗರದ ಕಡೆ ಯಾವ ಜಾತ್ರೆಗೆ ಹೋದರೂ ಆ ಧ್ವನಿ ಕೇಳದೆ ವಾಪಸು ಬಂದವರಿಲ್ಲ.

ಪು.ತಿ.ನ. ಸಂಗೀತಗಾರರೂ ಆಗಿದ್ದರಾ?

ಕಚೇರಿ ಮಾಡಿದವರಲ್ಲ. ಮೇಲುಕೋಟೆಯ ಈ ಕವಿ ಗೇಯನಾಟಕಗಳನ್ನು ಬರೆಯುವಾಗ ಮಾತನ್ನೂ ರಾಗವನ್ನೂ ಜೊತೆಗೇ ಯೋಚಿಸುತ್ತಿದ್ದರು, ಹೊಸ ರಾಗಗಳನ್ನೂ ಕಲ್ಪಿಸಿದರು. ‘ಕೃಷ್ಣನ ಕೊಳಲಿನ ಕರೆ’ ಅವರದ್ದು. ತೊಟ್ಟಿಲ ಕೂಸನ್ನೂ ಮರೆತು ಬಾ ಅನ್ನುವ ಆ ಹಾಡನ್ನು ಭಜನೆ ಅಂತ ಹಾಡುತ್ತಾರೆ, ಅದರ ಧೈರ್ಯ ಗಮನಕ್ಕೇ ಬರುವುದಿಲ್ಲ. 1966ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದೂ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಪುಸ್ತಕಕ್ಕೆ.

ಮೈಸೂರಿನಲ್ಲಿ ಕಚೇರಿ ಕೇಳಲು ಎಲ್ಲಿಗೆ ಹೋಗಬೇಕು?

ಕುವೆಂಪುನಗರದ ಗಾನಭಾರತಿ. ಅಲ್ಲಿನ ಸಭಾಂಗಣಕ್ಕೆ ವೀಣೆ ಶೇಷಣ್ಣನವರದ್ದೇ ಹೆಸರು. ಗಣೇಶನ ಹಬ್ಬದ ಹೊತ್ತಿಗೆ ಒಂಟಿಕೊಪ್ಪಲು ಎಂಟನೇ ಕ್ರಾಸ್. ದಸರೆಯಲ್ಲಿ ಅರಮನೆ ಅಂಗಳ, ಆದರೆ ಅಲ್ಲಿ ಸೆಲ್ಫಿ ಗಲಾಟೆ ಜಾಸ್ತಿ.

ತಾತನ ಕಾಲದ ರೆಕಾರ್ಡುಗಳು ಅಟ್ಟದಲ್ಲಿವೆ. ಏನು ಮಾಡಲಿ?

ಗುಜರಿಗೆ ಹಾಕಬೇಡಿ, ಅದು ಮೊದಲನೆಯದು. ದಪ್ಪಗೆ, ಭಾರವಾಗಿ, ಬಿದ್ದರೆ ಒಡೆಯುವ ಹಾಗಿದ್ದರೆ ಅದು ಅರಗಿನ 78 ವೇಗದ ರೆಕಾರ್ಡು. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಮೆತ್ತನೆ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ, ಗೀರುಗಳ ದಿಕ್ಕಿನಲ್ಲೇ ಒರೆಸಿ. ಲೇಬಲ್ ನೆನೆಯಬಾರದು. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ಎಲ್‌ಪಿ ಪ್ಲೇಯರಿನ ಮುಳ್ಳಿನಲ್ಲಿ ನುಡಿಸಬೇಡಿ, 78ರ ಗೀರು ಅಗಲ, ಅದಕ್ಕೆ ಬೇರೆ ಮುಳ್ಳು ಬೇಕು. ಕ್ಯಾಸೆಟ್ಟಾದರೆ ತಡಮಾಡದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಪ್ಯಾಡಿನ ಸ್ಪಂಜು ಉದುರಿದ್ದರೆ ರಿಪೇರಿಯವರು ಬೇರೆ ಡಬ್ಬಿಗೆ ಟೇಪು ಹಾಕಿಕೊಡುತ್ತಾರೆ.

ಎಲ್ಲಕ್ಕಿಂತ ಮೊದಲು ಲೇಬಲ್ಲಿನ ಎರಡೂ ಕಡೆ ಫೋಟೊ ತೆಗೆದಿಡಿ. ಲೇಬಲ್ಲಿನ ಪಕ್ಕ, ಅರಗಿನಲ್ಲೇ ಕೊರೆದ ಸಂಖ್ಯೆ ಇರುತ್ತದೆ. ಕಾಗದ ಹರಿದುಹೋಗಿದ್ದರೂ ಆ ಸಂಖ್ಯೆಯಿಂದ ಯಾರ ಹಾಡು ಅಂತ ಪತ್ತೆ ಮಾಡಬಹುದು. ಅದನ್ನೂ ಬರೆದಿಟ್ಟುಕೊಳ್ಳಿ. ಸಣ್ಣ ಅಕ್ಷರದಲ್ಲಿ ಹಾರ್ಮೋನಿಯಂ, ತಬಲಾ ಅಂತ ಹೆಸರುಗಳಿದ್ದರೆ ಅವೂ ಸ್ಪಷ್ಟವಾಗಿ ಬರಲಿ.